ಮಲೆನಾಡಿನ ಮಳೆಯಲ್ಲಿ ಆರು ವರ್ಷ: ಒಂದು ಇಂಕ್ ಟ್ಯಾಂಕ್ ಪ್ರಿಂಟರ್, ಮೂರು ಹಳೆಯ ಕಾದಂಬರಿ

2019ರ ದೀಪಾವಳಿ ಹೊತ್ತಿಗೆ ಸಾಗರದ ಅಂಗಡಿಯಲ್ಲಿ ಈ ಪ್ರಿಂಟರ್ ತಗೊಂಡೆ. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಮಾಡುವಂಥದ್ದು. ಕಾರ್ಟ್ರಿಜ್ ಇಲ್ಲ, ಪಕ್ಕದ ಟ್ಯಾಂಕಿಗೆ ಬಾಟಲಿಯಿಂದ ಇಂಕ್ ಸುರಿಯಬೇಕು. ಆಗಿನ ಬೆಲೆ ಹನ್ನೊಂದು ಸಾವಿರದ ಚಿಲ್ಲರೆ. ಇವತ್ತು ಅದರ ಲೆಕ್ಕ ನೋಡಿದರೆ 13,000 ಪುಟ ದಾಟಿದೆ. ನನ್ನ ಮೂರು ಹಳೆಯ ಕಾದಂಬರಿಗಳು ಮತ್ತೆ ಅಚ್ಚಿಗೆ ಹೋಗುತ್ತಿರುವ ವಿಷಯ ತಿಳಿದ ಓದುಗರು "ಕೆಲಸ ಎಲ್ಲಿಗೆ ಬಂತು" ಅಂತ ಕೇಳುತ್ತಿರುತ್ತಾರೆ. ಆ ಕೆಲಸದ ಬಹುಪಾಲು ಈ ಪ್ರಿಂಟರಿನ ಎದುರೇ ನಡೆದದ್ದು. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಕಾದಂಬರಿ 1996ರದ್ದು. ಊರಿನ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡಿದ ಪುಸ್ತಕ. ಕಂಪ್ಯೂಟರ್ ಫೈಲ್ ಎಂಬುದೇ ಇಲ್ಲ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೂಡ ಇರಲಿಲ್ಲ. ನನ್ನ ಬಳಿ ಉಳಿದಿದ್ದದ್ದು ಗೆದ್ದಲು ಅಂಚು ತಿಂದ ಒಂದೇ ಪ್ರತಿ. ಎರಡನೆಯದು 2003ರದ್ದು, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಮೂರನೆಯದು 2011ರದ್ದು, ಪುಟ ಜೋಡಿಸಿದ ಪೇಜ್‌ಮೇಕರ್ ಫೈಲ್ ಇದೆ. ಮೊದಲನೆಯದು ಈಗಾಗಲೇ ಹೊರಬಂದಿದೆ. ಎರಡನೆಯದು ಪ್ರೆಸ್ಸಿನಲ್ಲಿದೆ. ಮೂರನೆಯದರ ಕರಡು ನನ್ನ ಮೇಜಿನ ಮೇಲಿದೆ.

ಕರಡನ್ನು ಕಂಪ್ಯೂಟರಿನ ಪರದೆಯಲ್ಲೇ ತಿದ್ದಿದರೆ ಸಾಲದೇ ಅಂತ ಡಿಟಿಪಿ ಮಾಡಿದ ಹುಡುಗ ಕೇಳಿದ್ದ. ನಾನೂ ಮೊದಲು ಹಾಗೇ ಮಾಡಿದೆ, ಪೂರ್ತಿ ಪುಸ್ತಕ ಎರಡು ಸಲ ಓದಿದೆ. ಆಮೇಲೆ ಅದನ್ನೇ ಕಾಗದದ ಮೇಲೆ ತೆಗೆದು ಓದಿದಾಗ ಮೊದಲ ಅಧ್ಯಾಯದಲ್ಲೇ ಹನ್ನೊಂದು ತಪ್ಪು ಸಿಕ್ಕವು. ಪುಸ್ತಕದ ಅಳತೆಯಲ್ಲಿ, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದರೆ ಕಣ್ಣು ಬೇರೆ ಥರ ನೋಡುತ್ತದೆ. ನನ್ನ ಪುಸ್ತಕದ ಅಳತೆ ಡೆಮಿ 1/8, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಎ4 ಹಾಳೆಯನ್ನು ಅಡ್ಡ ಹಿಡಿದರೆ ಅಂಥ ಎರಡು ಪುಟ ಹೆಚ್ಚುಕಮ್ಮಿ ನಿಜವಾದ ಅಳತೆಯಲ್ಲೇ ಕೂರುತ್ತವೆ. ಮೇಲೆ ಕೆಳಗಿನ ಬಿಳಿ ಅಂಚು ಸ್ವಲ್ಪ ಕತ್ತರಿಸಿಹೋಗುತ್ತದೆ, ಅಕ್ಷರ ಪೂರ್ತಿ ಬರುತ್ತದೆ. 240 ಪುಟದ, ಅಂದರೆ ಹದಿನಾರು ಪುಟಕ್ಕೊಂದರಂತೆ ಹದಿನೈದು ಫಾರಮಿನ ಕಾದಂಬರಿಗೆ 120 ಹಾಳೆ ಸಾಕು. ಒಂದು ಬದಿಗೆ ಮಾತ್ರ ಮುದ್ರಿಸುತ್ತೇನೆ, ಹಿಂಬದಿ ನನ್ನ ಟಿಪ್ಪಣಿಗೆ.

ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಐದು ರೂಪಾಯಿ ಕೇಳುತ್ತಿದ್ದರು. ಒಂದು ಕಾದಂಬರಿಗೆ ಮೂರು ಕರಡು ಅಂತ ಹಿಡಿದರೂ ಅದು ಸಣ್ಣ ಮೊತ್ತವಲ್ಲ. ಮನೆಯ ಪ್ರಿಂಟರಿನಲ್ಲಿ ಈ ಆರು ವರ್ಷಕ್ಕೆ ಕಪ್ಪು ಇಂಕ್ ನಾಲ್ಕು ಬಾಟಲಿ ಆಗಿದೆ, ಬಾಟಲಿಗೆ 450 ರೂಪಾಯಿ ಆಚೀಚೆ. ಇಂಕಿಗಿಂತ ಹಾಳೆಯ ಖರ್ಚೇ ಹೆಚ್ಚು. ಮೊದಲ ಬಾಟಲಿ ಮಾತ್ರ ಬೇಗ ಖಾಲಿಯಾಯಿತು ಅಂತ ಗಾಬರಿಯಾಗಿದ್ದೆ. ಹೊಸ ಪ್ರಿಂಟರಿನ ಒಳಗಿನ ಕೊಳವೆಗಳೆಲ್ಲ ತುಂಬಿಕೊಳ್ಳಲು ಒಂದಿಷ್ಟು ಇಂಕ್ ಹೋಗುತ್ತದೆಯಂತೆ. ಎರಡನೇ ಬಾಟಲಿಯಿಂದ ಲೆಕ್ಕ ಸರಿಹೋಯಿತು.

ಇನ್ನು ಮಳೆಗಾಲದ ವಿಷಯ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ನಮ್ಮ ಕಡೆಯವರು ಕೊಳ್ಳುವ ಮೊದಲು ತಿಳಿದಿರಬೇಕು. ಆರಿದ್ರಾ ಹಿಡಿದರೆ ಆಶ್ಲೇಷದ ತನಕ ಮನೆಯೊಳಗಿನ ಬಟ್ಟೆಯೇ ಒಣಗದ ಊರು ನಮ್ಮದು. ಟ್ರೇಯಲ್ಲಿ ಬಿಟ್ಟ ಹಾಳೆ ಎರಡೇ ದಿನಕ್ಕೆ ಥಂಡಿ ಹಿಡಿದು ಅಂಚು ಸುರುಳಿಕೊಳ್ಳುತ್ತದೆ. ರಬ್ಬರ್ ರೋಲರ್ ಒಂದರ ಬದಲು ಮೂರು ಹಾಳೆ ಎಳೆಯುತ್ತದೆ, ನಡುವೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಥಂಡಿ ಹಾಳೆಯ ಮೇಲೆ ಇಂಕ್ ಹರಡುವುದು. ಕನ್ನಡದ ಒತ್ತಕ್ಷರ ಪುಟ್ಟದು. 'ರಾಷ್ಟ್ರ', 'ಸ್ತ್ರೀ', 'ತತ್ತ್ವ' ಇಂಥ ಕಡೆ ಕೆಳಗಿನ ಒತ್ತು ಮುದ್ದೆಯಾಗಿ, ಅಲ್ಲಿ ಟಕಾರವಿದೆಯೋ ಠಕಾರವಿದೆಯೋ ಗೊತ್ತಾಗುವುದಿಲ್ಲ. ಕರಡು ತಿದ್ದುವವರಿಗೆ ಅದೇ ತಾನೇ ಮುಖ್ಯ.

ಪರಿಹಾರ ಅಡುಗೆಮನೆಯಲ್ಲಿ ಸಿಕ್ಕಿತು. ಹದಿನೈದು ಕೆಜಿ ಎಣ್ಣೆಯ ಖಾಲಿ ತಗಡಿನ ಡಬ್ಬಕ್ಕೆ ನಮ್ಮಲ್ಲಿ ಮುಚ್ಚಳ ಮಾಡಿಸಿ ಹಪ್ಪಳ ಇಡುತ್ತೇವೆ. ಎ4 ಹಾಳೆಯ ಕಟ್ಟು ಅದರಲ್ಲಿ ನೆಟ್ಟಗೆ ನಿಲ್ಲುತ್ತದೆ, ಅಳತೆ ಮಾಡಿಸಿದ ಹಾಗೆ. ಡಬ್ಬವನ್ನು ಚೆನ್ನಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಅಡುಗೆಮನೆಯ ಅಟ್ಟದ ಮೇಲೆ ಇಟ್ಟೆ. ಕೆಳಗೆ ಒಲೆ ಉರಿಯುವುದರಿಂದ ಅಲ್ಲಿ ಯಾವಾಗಲೂ ಬೆಚ್ಚಗಿರುತ್ತದೆ. ಬೇಕಾದಾಗ ಇಪ್ಪತ್ತು ಹಾಳೆ ಮಾತ್ರ ತೆಗೆದು, ಕೈಯಲ್ಲಿ ಬಿಡಿಸಿ ಗಾಳಿಯಾಡಿಸಿ ಟ್ರೇಗೆ ಹಾಕುತ್ತೇನೆ. ಆ ಮೇಲೆ ಹಾಳೆ ಸಿಕ್ಕಿಕೊಂಡದ್ದು ಬೆರಳೆಣಿಕೆಯಷ್ಟು ಸಲ.

ಲೇಸರ್ ಪ್ರಿಂಟರ್ ಯಾಕೆ ಬೇಡವಾಯಿತು ಅಂತ ಕೇಳುವವರಿದ್ದಾರೆ. ಬರೀ ಕಪ್ಪು ಅಕ್ಷರಕ್ಕೆ ಲೇಸರ್ ಚೂಪಾಗಿ ಬರುತ್ತದೆ, ಒಪ್ಪುತ್ತೇನೆ. ತಿಂಗಳುಗಟ್ಟಲೆ ಸುಮ್ಮನಿಟ್ಟರೂ ಅದರ ಪುಡಿ ಒಣಗುವ ಪ್ರಶ್ನೆಯಿಲ್ಲ. ಆದರೆ ಆ ಪುಡಿಯನ್ನು ಹಾಳೆಗೆ ಕರಗಿಸಿ ಅಂಟಿಸಲು ಅದು ಒಳಗೆ ಬಿಸಿಯಾಗಬೇಕು. ಆ ಕ್ಷಣಕ್ಕೆ ಎಳೆಯುವ ಕರೆಂಟನ್ನು ನಮ್ಮ ಮನೆಯ ಇನ್ವರ್ಟರ್ ತಾಳುವುದಿಲ್ಲ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಬಾರದ ಊರಿನಲ್ಲಿ ಇದು ದೊಡ್ಡ ಮಾತು. ಇಂಕ್ ಟ್ಯಾಂಕಿಗೆ ಒಂದು ಸಣ್ಣ ಬಲ್ಬಿನಷ್ಟು ವಿದ್ಯುತ್ ಸಾಕು. ಎರಡನೇ ಕಾದಂಬರಿಯ ಕೊನೆಯ ಕರಡನ್ನು ಪೂರ್ತಿಯಾಗಿ ಇನ್ವರ್ಟರಿನ ಮೇಲೇ ತೆಗೆದಿದ್ದೇನೆ.

ಇಂಕ್ ಟ್ಯಾಂಕಿನ ದೊಡ್ಡ ಶತ್ರು ಮಳೆಯಲ್ಲ, ಸುಮ್ಮನೆ ಬಿಡುವುದು. 2021ರಲ್ಲಿ ಎರಡು ತಿಂಗಳು ಮೈಸೂರಿನ ಮಗಳ ಮನೆಯಲ್ಲಿದ್ದೆ. ವಾಪಸು ಬಂದು ಕರಡು ತೆಗೆದು ತಿದ್ದಲು ಕೂತೆ. ಒಂದು ಪುಟದಲ್ಲಿ 'ಧನ' ಇರಬೇಕಾದ ಕಡೆ 'ದನ', ಇನ್ನೊಂದರಲ್ಲಿ 'ಭಾರ' ಇರಬೇಕಾದ ಕಡೆ 'ಬಾರ'. ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆ, ಡಿಟಿಪಿ ಹುಡುಗನ ಮೇಲೆ ಸಿಟ್ಟೂ ಬಂತು. ಅವನು ಫೈಲ್ ತೆರೆದು ನೋಡಿ, "ಅಮ್ಮಾ, ಇಲ್ಲಿ ಸರಿಯಾಗೇ ಇದೆಯಲ್ಲ" ಅಂದ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದಾಗ ತಿಳಿಯಿತು. ಇಂಕ್ ಚಿಮ್ಮಿಸುವ ಹೆಡ್ಡಿನ ಕೆಲವು ಸೂಕ್ಷ್ಮ ತೂತುಗಳಲ್ಲಿ ಇಂಕ್ ಒಣಗಿ ಹಾಳೆಯ ಮೇಲೆ ಸಣ್ಣ ಬಿಳಿಗೆರೆಗಳು ಬಿದ್ದಿದ್ದವು. ಎರಡು ಪುಟ ಅಡ್ಡವಾಗಿ ಮುದ್ರಿಸುವಾಗ ಅಕ್ಷರಗಳು ಹಾಳೆಯ ಮೇಲೆ ಮಲಗಿರುತ್ತವೆ. ಹಾಗಾಗಿ ಆ ಬಿಳಿಗೆರೆ ಅಕ್ಷರದ ಮೇಲಿಂದ ಕೆಳಕ್ಕೆ ಸಾಗಿ, ಮಹಾಪ್ರಾಣದ ಕೆಳಗಿನ ಪುಟ್ಟ ಗೀಟನ್ನೇ ಅಳಿಸಿಹಾಕುತ್ತಿತ್ತು. ಹುಡುಗನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ.

ಹೆಡ್ ಕ್ಲೀನಿಂಗ್ ಎರಡು ಸಲ ಕೊಟ್ಟೆ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೊಂದು ಸಲ ಕೊಟ್ಟೆ. ಗೆರೆ ಹೋಯಿತು. ಒಂದರ ಮೇಲೊಂದು ಕೊಡುತ್ತಾ ಹೋಗಬಾರದು, ಪ್ರತಿ ಸಲವೂ ಇಂಕ್ ಸುಮ್ಮನೆ ಹೋಗುತ್ತದೆ. ಅಲ್ಲಿಂದೀಚೆಗೆ ಪ್ರತಿ ಸೋಮವಾರ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯುತ್ತೇನೆ. ಕರಡು ಶುರು ಮಾಡುವ ಮೊದಲು, ಆ ತೂತುಗಳೆಲ್ಲ ಸರಿಯಿವೆಯೇ ಅಂತ ತೋರಿಸುವ ನಾಜಲ್ ಚೆಕ್ ಹಾಳೆ ನೋಡದೆ ಕೆಂಪು ಪೆನ್ನು ಹಿಡಿಯುವುದಿಲ್ಲ. ಬೇರೆ ಊರಿಗೆ ಹೋಗುವಾಗ ಪಕ್ಕದ ಮನೆಯ ಮಕ್ಕಳಿಗೆ ಕೀಲಿ ಕೊಟ್ಟು, "ನಿಮ್ಮ ಪ್ರಾಜೆಕ್ಟ್ ಇಲ್ಲೇ ಪ್ರಿಂಟ್ ತಗೊಳ್ಳಿ" ಅಂತ ಹೇಳಿ ಹೋಗುತ್ತೇನೆ. ಅವರ ಚಿಟ್ಟೆ, ಹೂವು, ಭೂಪಟಗಳಿಂದಾಗಿ ಬಣ್ಣದ ಹೆಡ್ ಇವತ್ತಿಗೂ ಚೆನ್ನಾಗಿದೆ. ಸುತ್ತಲಿನ ನಾಲ್ಕು ಮನೆಯವರ ಪಹಣಿ, ಹಾಲ್ ಟಿಕೆಟ್, ಆಧಾರ್ ಜೆರಾಕ್ಸ್ ಎಲ್ಲ ಇಲ್ಲೇ ಆಗುವುದು.

2023ರಲ್ಲಿ ಇಂಕ್ ಪ್ಯಾಡ್ ತುಂಬಿದೆ ಅಂತ ಸಂದೇಶ ಬಂದು ಪ್ರಿಂಟರ್ ನಿಂತೇಹೋಯಿತು. ಕ್ಲೀನಿಂಗ್ ಮಾಡಿದಾಗ ಹೊರಬರುವ ಇಂಕನ್ನು ಹೀರಿಕೊಳ್ಳಲು ತಳದಲ್ಲಿ ಒಂದು ದಪ್ಪ ಪ್ಯಾಡ್ ಇರುತ್ತದೆ, ಅದಕ್ಕೂ ಆಯಸ್ಸಿದೆ ಅಂತ ಆಗಲೇ ನನಗೆ ಗೊತ್ತಾದದ್ದು. ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಒಯ್ದು ಸರ್ವಿಸ್‌ಗೆ ಕೊಟ್ಟೆವು. ಮೂರು ವಾರ ಇಟ್ಟುಕೊಂಡರು, ನಾಲ್ಕು ಸಲ ಫೋನ್ ಮಾಡಬೇಕಾಯಿತು. ತರುವಾಗ ನೋಡಿದರೆ ಯಾರೋ ಓರೆ ಮಾಡಿ ಇಟ್ಟು ಟ್ಯಾಂಕಿನ ಇಂಕ್ ಒಳಗೆಲ್ಲ ಚೆಲ್ಲಿತ್ತು. ನನಗೆ ನಿಜಕ್ಕೂ ಬೇಸರವಾಯಿತು, ಅಲ್ಲೇ ಹೇಳಿದೆ ಕೂಡ. ಒರೆಸಿ ಕೊಟ್ಟರು. ನೀವು ಕೊಳ್ಳುವುದಾದರೆ ಪ್ಯಾಡನ್ನು ನಾವೇ ಬದಲಿಸಲು ಬರುವ ಮಾದರಿ ಇದೆಯೇ ಅಂತ ಮೊದಲೇ ಕೇಳಿ. ಇನ್ನೂರು ರೂಪಾಯಿ ರಿಯಾಯಿತಿಗಿಂತ ಅದು ಮೇಲು.

ನನ್ನ ಪ್ರಿಂಟರಿನ ಕಪ್ಪು ಇಂಕ್ ಪಿಗ್ಮೆಂಟ್ ಜಾತಿಯದ್ದು, ನೀರು ಬಿದ್ದರೂ ಸುಲಭಕ್ಕೆ ಕದಡುವುದಿಲ್ಲ. ಹೆಂಚಿನ ಸಂದಿಯಿಂದ ಸೋರಿ ಕರಡಿನ ಕಟ್ಟು ಒದ್ದೆಯಾದಾಗ ಅಕ್ಷರ ಉಳಿಯಿತು, ಅದೇ ಕಟ್ಟಿನಲ್ಲಿದ್ದ ಮುಖಪುಟದ ಬಣ್ಣ ಕದಡಿ ನೀರಾಯಿತು. ಮುಖಪುಟದ ಬಣ್ಣವನ್ನು ಮನೆಯಲ್ಲಿ ತೆಗೆದು ತೀರ್ಮಾನಿಸಲೂಬಾರದು. ಮೊದಲ ಕಾದಂಬರಿಯ ಮುಖಪುಟದ ಹಸಿರು ನಮ್ಮ ಹಾಳೆಯಲ್ಲಿ ಎಳೆಯ ಗದ್ದೆಯ ಹಾಗೆ ಕಂಡಿತ್ತು, ಪ್ರೆಸ್ಸಿನಿಂದ ಬಂದದ್ದು ಪಾಚಿಯ ಹಾಗೆ. ಈ ಸಲ ಪ್ರೆಸ್ಸಿನ ಹಾಳೆ ನೋಡಿಯೇ ಒಪ್ಪಿಗೆ ಕೊಟ್ಟೆ.

ಕಾಗದದ ಕರಡಿನಿಂದ ಏನೇನು ಉಳಿಯಿತು ಅಂತ ಹೇಳಿದರೆ ಈ ಯಂತ್ರದ ಬೆಲೆ ತಿಳಿದೀತು. ಮೊದಲ ಕಾದಂಬರಿಯನ್ನು ಹೊಸದಾಗಿ ಟೈಪ್ ಮಾಡಿಸಿದ್ದು ಬೆಂಗಳೂರಿನಲ್ಲಿ. ಅದರ ಮಾತುಕತೆಯೆಲ್ಲ ನಮ್ಮ ಸೀಮೆಯ ಹವ್ಯಕ ಕನ್ನಡ. 'ಇದ್ದು' ಅಂದರೆ ನಮ್ಮಲ್ಲಿ 'ಇದೆ'. ಟೈಪ್ ಮಾಡಿದವರು ಅದನ್ನು ತಪ್ಪೆಂದು ತಿಳಿದು ಎಲ್ಲ ಕಡೆ 'ಇದೆ' ಮಾಡಿದ್ದರು, 'ಹೋಪನ' ಎಂಬುದು 'ಹೋಗೋಣ' ಆಗಿತ್ತು. ಒಂದು ಪುಟದಲ್ಲಿ ಎರಡು ಪ್ಯಾರಾ ಒಂದೇ ಪದದಿಂದ ಶುರುವಾಗುತ್ತಿದ್ದವು. ಟೈಪ್ ಮಾಡುವವರ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ, ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಮನೆ ಬಿಟ್ಟು ಹೊರಡುವ ಇಡೀ ಪ್ಯಾರಾ ಬಿಟ್ಟುಹೋಗಿತ್ತು. ಅತ್ತಿಗೆ ಹಳೆಯ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ನಾನು ಕರಡಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದೆ. ಅವರು ಓದಿದ ಸಾಲು ನನ್ನ ಹಾಳೆಯಲ್ಲಿ ಇಲ್ಲದಾಗ ಇಬ್ಬರೂ ಸುಮ್ಮನೆ ಮುಖ ನೋಡಿಕೊಂಡೆವು. ಅದಿಲ್ಲದೆ ಅಚ್ಚಾಗಿದ್ದರೆ ಆ ಕಾದಂಬರಿಗೆ ಎದೆಯೇ ಇರುತ್ತಿರಲಿಲ್ಲ.

ಎರಡನೆಯದರ ತೊಂದರೆ ಬೇರೆ. ನುಡಿಯ ಹಳೆಯ ಫೈಲನ್ನು ಈಗಿನ ಅಕ್ಷರ ಪದ್ಧತಿಯಾದ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. 'ಕರ್ನಾಟಕ' ಹೋಗಿ 'ಕನಾರ್ಟಕ', 'ಮಾರ್ಗ' ಹೋಗಿ 'ಮಾಗರ್'. ಇಂಥವನ್ನು ಹುಡುಕಿ ಬದಲಿಸುವುದು ಕಂಪ್ಯೂಟರಿಗೂ ಬರುತ್ತದೆ, ಆದರೆ ಊರಿನ ಹೆಸರು, ಗಿಡದ ಹೆಸರು, ಬೈಗುಳ ಇವನ್ನೆಲ್ಲ ನಾನೇ ನೋಡಬೇಕಾಯಿತು.

ನನ್ನಂತೆ ಹಳೆಯ ಪುಸ್ತಕ ಮತ್ತೆ ತರಬೇಕೆಂದಿರುವ ಲೇಖಕರಿಗೆ ಇನ್ನೊಂದು ಮಾತು. 1996ರಲ್ಲಿ ಪ್ರಕಾಶಕರ ಜೊತೆ ಮಾಡಿಕೊಂಡ ಒಂದು ಪುಟದ ಒಪ್ಪಂದದಲ್ಲಿ ಅವಧಿಯೇ ನಮೂದಾಗಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಾಗೆ ಅವಧಿ ಹೇಳದಿದ್ದರೆ ಪ್ರಕಾಶಕರಿಗೆ ಬರೆದುಕೊಟ್ಟ ಹಕ್ಕು ಐದು ವರ್ಷಕ್ಕೆ ಅಂತಲೇ ಲೆಕ್ಕ. ಹಾಗಾಗಿ ಹಕ್ಕು ನನಗೇ ವಾಪಸು ಬಂದಿದೆ ಅಂತ ಇಷ್ಟು ವರ್ಷ ತಿಳಿದಿರಲಿಲ್ಲ. ನಿಮ್ಮ ಹಳೆಯ ಕಾಗದವನ್ನು ಒಮ್ಮೆ ಹುಡುಕಿ ಓದಿ. ಹೊಸ ಆವೃತ್ತಿಗೆ ಐಎಸ್‌ಬಿಎನ್ ಬೇಕಾದರೆ ನಮ್ಮ ದೇಶದಲ್ಲಿ ಅದಕ್ಕೆ ಶುಲ್ಕವಿಲ್ಲ, ರಾಜಾರಾಮ್ ಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಅರ್ಜಿ ಹಾಕಿದರಾಯಿತು.

ಇನ್ನೊಮ್ಮೆ ಕೊಳ್ಳಬೇಕಾಗಿ ಬಂದರೂ ನಾನು ಇಂಕ್ ಟ್ಯಾಂಕನ್ನೇ ಕೊಳ್ಳುತ್ತೇನೆ, ಎರಡೂ ಬದಿ ತಾನಾಗಿ ಮುದ್ರಿಸುವ, ಪ್ಯಾಡ್ ಬದಲಿಸಲು ಬರುವ ಮಾದರಿಯನ್ನು. ವಾರಕ್ಕೊಂದು ಪುಟವೂ ತೆಗೆಯದವರು ದಯವಿಟ್ಟು ಇದನ್ನು ಕೊಳ್ಳಬೇಡಿ, ಜೆರಾಕ್ಸ್ ಅಂಗಡಿಯೇ ಲೇಸು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಡಿಮೆಯಾದ ಒಂದು ಆ ಮೂರು ವಾರಕ್ಕೆ. ಮೂರನೆಯ ಕಾದಂಬರಿಯ ಎರಡನೇ ಕರಡು ಈ ಸೋಮವಾರ ತೆಗೆಯುತ್ತೇನೆ, ಅತ್ತಿಗೆ ಬರುತ್ತೇನೆಂದಿದ್ದಾರೆ.