ರಾಡಿ ನೀರಿನ ಸ್ಟೀಲ್‌ಹೆಡ್ ಟ್ರಿಪ್: ಗೈಡ್‌ಗೆ ಮುಂಗಡ ಕಳಿಸುವ ಮುಂಚೆ ಇದನ್ನು ಓದಿ

ಸಿಯಾಟಲ್, ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಇದ್ದುಕೊಂಡು ಚಳಿಗಾಲದಲ್ಲಿ ಸ್ಟೀಲ್‌ಹೆಡ್ ಹಿಡಿಯಲು ಹೊರಡುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನದಿ ಕೆಂಪಗೆ ಹರಿಯುತ್ತಿರುವಾಗ "ಪರವಾಗಿಲ್ಲ ಬನ್ನಿ, ರಾಡಿ ನೀರಿಗೆ ಅಂತಲೇ ನನ್ನ ಹತ್ತಿರ ಸ್ಪೆಷಲ್ ಎರೆ ಇದೆ" ಅನ್ನುವ ಗೈಡ್ ಸಿಕ್ಕರೆ ದಯವಿಟ್ಟು ದುಡ್ಡು ಕಟ್ಟಬೇಡಿ. ನಮಗೆ ಮುಂಗಡ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಸಾಯಬಾರದ ಒಂದು ಮೀನು ಬಹುಶಃ ಸತ್ತಿತು.

ಹೊಸಬರಿಗೆ ಒಂದೆರಡು ಮಾತು. ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ಮತ್ತೆ ನದಿಗೆ ಬರುವ ರೇನ್‌ಬೋ ಟ್ರೌಟ್. ಚಳಿಗಾಲದಲ್ಲಿ ಮಳೆ ಬಂದು ನದಿ ಏರಿದಾಗ ಮೇಲಕ್ಕೆ ಹತ್ತುತ್ತದೆ. ನಮ್ಮ ಮಲೆನಾಡಿನವರಿಗೆ ಮೊದಲ ಮಳೆಯ ಕೆಂಪು ನೀರಲ್ಲಿ ಹತ್ತುವ ಮೀನು ಗೊತ್ತಲ್ಲ. ಅದಕ್ಕೇ "ನೀರು ಕದಡಿದರೆ ಒಳ್ಳೇದೇ" ಅನ್ನುವ ಮಾತು ನಮಗೆ ಬೇಗ ಹಿಡಿಸುತ್ತದೆ. ಅರ್ಧ ನಿಜವೂ ಹೌದು. ನದಿ ಇಳಿಯುತ್ತಾ, ನೀರು ಹಸಿರು ಬಣ್ಣಕ್ಕೆ ತಿರುಗಿ, ಎರಡರಿಂದ ನಾಲ್ಕು ಅಡಿ ಒಳಗೆ ಕಾಣುತ್ತಿದ್ದರೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಆದರೆ ನದಿ ಇನ್ನೂ ಏರುತ್ತಿದ್ದು ಒಂದು ಅಡಿಯೂ ಕಾಣದಿದ್ದರೆ ಯಾವ ಎರೆಯನ್ನೂ ನಂಬುವ ಹಾಗಿಲ್ಲ. ಮನೆಗೆ ವಾಪಸ್ ಹೋಗುವುದೇ ಸರಿ.

ನಾವು ಬುಕ್ ಮಾಡಿದ್ದು ವಾಷಿಂಗ್ಟನ್ ರಾಜ್ಯದ ಕೌಲಿಟ್ಸ್ ನದಿಗೆ. ನಾನು ಮತ್ತು ತೀರ್ಥಹಳ್ಳಿ ಕಡೆಯ ಒಬ್ಬ ಗೆಳೆಯ. ಟ್ರಿಪ್ ಇದ್ದದ್ದು ಶನಿವಾರ, ಬುಧವಾರದಿಂದಲೇ ಮಳೆ ಹಿಡಿದಿತ್ತು. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ನದಿಗಳಲ್ಲಿ ನೀರಿನ ಮಾಪಕ ಇಟ್ಟಿದೆ, ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಶುಕ್ರವಾರ ನೋಡಿದೆ. ಮೇಫೀಲ್ಡ್ ಅಣೆಕಟ್ಟಿನ ಕೆಳಗಿನ ಮಾಪಕ ಹೆಚ್ಚುಕಡಿಮೆ ಅಲ್ಲಾಡಿರಲಿಲ್ಲ. ಕೆಳಗೆ ಕ್ಯಾಸಲ್ ರಾಕ್ ಹತ್ತಿರದ್ದು ಮಾತ್ರ ಜೋರಾಗಿ ಏರುತ್ತಿತ್ತು. ಇದರ ಅರ್ಥ ಸರಳ. ಮೇಲಿನ ಅಣೆಕಟ್ಟುಗಳು ಮಣ್ಣನ್ನು ತಡೆದುಕೊಂಡಿವೆ, ರಾಡಿ ಬರುತ್ತಿರುವುದು ಕೆಳಗೆ ಸೇರುವ ಹಳ್ಳಗಳಿಂದ. ಸಾಮನ್ ಕ್ರೀಕ್, ಲಕಾಮಸ್ ಕ್ರೀಕ್, ಒಲೆಕ್ವಾ ಕ್ರೀಕ್ ಎಲ್ಲವೂ ಟೊಲಿಡೊ ಊರಿನಿಂದ ಕೆಳಗೇ ಸೇರುತ್ತವೆ. ಇನ್ನೂ ಕೆಳಗೆ ಟೌಟಲ್ ನದಿ ಸೇರುತ್ತದೆ. 1980ರಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿ, ಹೂಳನ್ನು ಅದು ಇವತ್ತಿಗೂ ಹೊತ್ತು ತರುತ್ತದೆ. ಅಂದರೆ ಮೇಲೆ ಬ್ಲೂ ಕ್ರೀಕ್ ಹತ್ತಿರ, ಮೀನು ಮರಿ ಬೆಳೆಸುವ ಹ್ಯಾಚರಿ ಇರುವ ಕಡೆ ಹೋದರೆ ನೀರು ಪರವಾಗಿಲ್ಲ.

ಇದನ್ನೆಲ್ಲ ಗೈಡ್‌ಗೆ ಫೋನ್ ಮಾಡಿ ಹೇಳಿದೆ. "ಬ್ಲೂ ಕ್ರೀಕ್‌ಗೇ ಹೋಗೋಣ, ಯೋಚನೆ ಮಾಡಬೇಡಿ" ಅಂದ. ದಿನ ಬದಲಾಯಿಸಬಹುದಾ ಅಂತ ಕೇಳಿದ್ದಕ್ಕೆ, ರದ್ದು ಮಾಡಿದರೆ ಮುಂಗಡ ವಾಪಸ್ ಇಲ್ಲ ಅಂದ. ಬೆಳಗ್ಗೆ ನೋಡಿದರೆ ಅವನು ದೋಣಿ ಇಳಿಸಿದ್ದು ಟೊಲಿಡೊದಿಂದ ಕೆಳಗೆ. ಮೇಲೆ ದೋಣಿಗಳ ರಶ್ ಅಂತೆ. ನೀರು ಹಾಲು ಹಾಕಿದ ಟೀ ಬಣ್ಣಕ್ಕೆ ಇತ್ತು. ರಾಡ್ ತುದಿಯನ್ನು ಅದ್ದಿ ನೋಡಿದೆ, ಒಂದು ಗೇಣು ಇಳಿಯುವಷ್ಟರಲ್ಲಿ ಕಾಣದಾಯಿತು. "ಏ ಮಾರಾಯಾ, ಇದರಲ್ಲಿ ಮೀನಿಗೆ ಎಂಥದು ಕಾಣ್ತದೆ?" ಅಂತ ಗೆಳೆಯ ನನ್ನ ಮುಖ ನೋಡಿದ.

ಆಮೇಲೆ ಆ ಸ್ಪೆಷಲ್ ಎರೆ ಹೊರಗೆ ಬಂತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಮನ್ ಮೊಟ್ಟೆ. ಒಳ್ಳೆಯ ಮೊಟ್ಟೆ ಹೇಗಿರುತ್ತದೆ ಗೊತ್ತಾ? ಗೊಂಚಲು ಕೆಂಪು-ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಮೇಲಿನ ಪೊರೆ ಗಟ್ಟಿಯಾಗಿರುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಅಂಟಂಟು ರಸ ಒಸರುತ್ತದೆ. ರಾಡಿ ನೀರಿನಲ್ಲಿ ಕೆಲಸ ಮಾಡುವುದೇ ಆ ರಸ, ಅದರ ವಾಸನೆ ಸೆಳವಿನ ಜೊತೆ ಕೆಳಗೆ ಹರಿದು ಮೀನಿಗೆ ಮುಟ್ಟಬೇಕು. ಇವನ ಡಬ್ಬಿಯಲ್ಲಿದ್ದವು ಫ್ರೀಜರಿನಲ್ಲಿ ಒಣಗಿ ಅಂಚಿನಲ್ಲಿ ಬೆಳ್ಳಗಾಗಿದ್ದವು. ಒತ್ತಿದರೆ ಒಡೆದು ಸಿಪ್ಪೆ ಮಾತ್ರ ಕೈಗೆ ಅಂಟುತ್ತಿತ್ತು, ವಾಸನೆಯೇ ಇಲ್ಲ. ಸಿಕ್ಕಿಸಿದ್ದೂ ಉಗುರಿನಷ್ಟು ತುಂಡು. ಇನ್ನೊಂದು ರಾಡ್‌ಗೆ ಮೀನಿನ ಮೊಟ್ಟೆಯಂತೆ ಕಾಣುವ ಎಂಟು ಮಿಲಿಮೀಟರಿನ ಪುಟ್ಟ ಮಣಿ, ತೆಳುವಾದ ಉದ್ದನೆ ಲೀಡರ್, ಅಂದರೆ ಕೊಕ್ಕೆಗೆ ಕಟ್ಟುವ ತುದಿ ದಾರ. ಇದು ತಿಳಿನೀರಿನ ಗಾಳ. ಸಾಲದ್ದಕ್ಕೆ ನಡುಹೊಳೆಯಲ್ಲಿ ಫ್ಲೋಟ್ ಬಿಟ್ಟ. ನೀರು ಜೋರಾಗಿ, ಕದಡಿ ಬಂದಾಗ ಮೀನು ಸೆಳವು ಬಿಟ್ಟು ದಡದ ಪಕ್ಕದ ನಿಧಾನ ನೀರಿಗೆ ಬರುತ್ತದೆ. ಎಷ್ಟೋ ಸಲ ನಾವು ನಿಲ್ಲುವ ಜಾಗದಲ್ಲೇ ಇರುತ್ತದೆ.

ಮಧ್ಯಾಹ್ನ ದಡದ ಹತ್ತಿರ ನಿಲ್ಲಿಸಿದಾಗ ಗೆಳೆಯನ ರಾಡ್ ಬಾಗಿತು. ಮೀನು ಕೊಕ್ಕೆಯನ್ನು ಮೊಟ್ಟೆಯ ಸಮೇತ ಪೂರ್ತಿ ನುಂಗಿತ್ತು. ಬೆನ್ನಿನ ಮೇಲೆ, ಬಾಲಕ್ಕೆ ಹತ್ತಿರ ಇರುವ ಚಿಕ್ಕ ರೆಕ್ಕೆ ಹಾಗೇ ಇತ್ತು. ಹ್ಯಾಚರಿಯಲ್ಲಿ ಬೆಳೆಸಿದ ಮೀನುಗಳಿಗೆ ಆ ರೆಕ್ಕೆ ಕತ್ತರಿಸಿ ಗುರುತು ಮಾಡಿರುತ್ತಾರೆ. ಇದು ಕಾಡು ಮೀನು. ಲೋವರ್ ಕೊಲಂಬಿಯಾ, ಅಂದರೆ ಕೌಲಿಟ್ಸ್ ಹೋಗಿ ಸೇರುವ ಕೊಲಂಬಿಯಾ ನದಿಯ ಕೆಳಭಾಗದ ಕಾಡು ಸ್ಟೀಲ್‌ಹೆಡ್ 1998ರಿಂದಲೂ ಅಮೆರಿಕದ ಅಪಾಯದಂಚಿನ ಪಟ್ಟಿಯಲ್ಲಿದೆ. ಬಿಡಲೇಬೇಕಾದ ಮೀನನ್ನು ನೀರಿನಿಂದ ಪೂರ್ತಿ ಎತ್ತುವುದಕ್ಕೂ ವಾಷಿಂಗ್ಟನ್ ಕಾನೂನು ಬಿಡುವುದಿಲ್ಲ. ಕೊಕ್ಕೆ ಆಳಕ್ಕೆ ಹೋಗಿದ್ದರೆ ಎಳೆಯಬಾರದು, ದಾರ ಕತ್ತರಿಸಿ ಬಿಡಬೇಕು. ಆ ಗೈಡ್ ಅದನ್ನು ದೋಣಿಯೊಳಗೆ ಎತ್ತಿ ಹಾಕಿದ. ಫೋಟೋಗೆ ಹಿಡಿದುಕೊಳ್ಳಿ ಅಂದ. ಬೇಡ, ಬಿಡಿ, ದಾರ ಕತ್ತರಿಸಿ ಅಂತ ನಾವು ಕೂಗುತ್ತಿರುವಾಗಲೇ ಇಕ್ಕಳ ಹಾಕಿ ಕೊಕ್ಕೆ ಕಿತ್ತ. ಕಿವಿರಿನಿಂದ ರಕ್ತ ಒಂದೇ ಸಮ ಬರುತ್ತಿತ್ತು. ನೀರಿಗೆ ಬಿಟ್ಟಾಗ ವಾಲಿಕೊಂಡೇ ಹೋಯಿತು. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಎರೆ ಹಾಕಿದಾಗ ಮೀನು ನುಂಗುವುದು ಜಾಸ್ತಿ. ಲ್ಯೂರ್, ಅಂದರೆ ಲೋಹ, ರಬ್ಬರಿನ ಕೃತಕ ಎರೆ ಆದರೆ ಸಾಮಾನ್ಯವಾಗಿ ಬಾಯಿಯ ಅಂಚಿಗೆ ಸಿಕ್ಕುತ್ತದೆ. ಕಾಡು ಮೀನು ಇರುವ ಹೊಳೆಯಲ್ಲಿ, ರಾಡಿ ಇದ್ದರೂ, ನಾನು ಲ್ಯೂರ್ ಕಡೆಗೇ ವಾಲುತ್ತೇನೆ. ಒಂದರಿಂದ ಎರಡು ಅಡಿ ಕಾಣುವ ನೀರಿಗೆ ನಾನು ಮೊದಲು ತೆಗೆಯುವುದು ನಾಲ್ಕು ಅಥವಾ ಐದನೇ ನಂಬರಿನ ಸ್ಪಿನ್ನರ್, ಎಳೆದಾಗ ಗಿರಗಿರ ತಿರುಗುವ ದುಂಡನೆಯ ಕೊಲರಾಡೊ ಬ್ಲೇಡ್ (ತಗಡು) ಇರುವುದು. ಅದನ್ನು ಎಷ್ಟು ನಿಧಾನಕ್ಕೆ ಎಳೆದರೂ ದಪದಪ ಅಂತ ಕೈಗೆ ಗೊತ್ತಾಗುತ್ತದೆ. ಮೀನಿಗೆ ಮೈಯ ಎರಡೂ ಬದಿಯಲ್ಲಿ ನೀರಿನ ಅದುರು ಗ್ರಹಿಸುವ ಗೆರೆ ಇದೆ, ಕಣ್ಣಿಗೆ ಕಾಣುವ ಮುಂಚೆ ಅದಕ್ಕೆ ತಿಳಿಯುತ್ತದೆ. ಬಣ್ಣ ಫ್ಲೋರೊಸೆಂಟ್ ಕಿತ್ತಳೆ, ಗುಲಾಬಿ ಅಥವಾ ಗಿಳಿಹಸಿರು. ಮೋಡ ದಟ್ಟವಾಗಿದ್ದರೆ ಕಪ್ಪು ಕೂಡ ಒಳ್ಳೆಯದು, ಕೆಳಗಿನಿಂದ ನೋಡುವ ಮೀನಿಗೆ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ತಿರುಗುವ ರೆಕ್ಕೆಯ ಸ್ಪಿನ್-ಎನ್-ಗ್ಲೋ, ಐದಾರು ಇಂಚಿನ ಗುಲಾಬಿ ರಬ್ಬರ್ ಹುಳ ಕೂಡ ಕೆಲಸ ಮಾಡುತ್ತವೆ. ಲೀಡರ್ ದಪ್ಪಗೆ, ಗಿಡ್ಡಕ್ಕೆ ಇರಲಿ, ಒಂದೂವರೆ-ಎರಡು ಅಡಿ ಸಾಕು. ಎರೆಗೆ ಅನುಮತಿ ಇದ್ದು ಮೊಟ್ಟೆಯನ್ನೇ ಹಾಕುವುದಾದರೆ ದೊಡ್ಡ ನೆಲ್ಲಿಕಾಯಿ ಗಾತ್ರದ ಗೊಂಚಲು ಹಾಕಿ, ರಸ ಹೋಗಿ ಬೆಳ್ಳಗಾದ ಕೂಡಲೇ ಬದಲಾಯಿಸಿ.

ಅನುಮತಿಯ ವಿಷಯದಲ್ಲಿ ಸುಮ್ನೆ ನಂಬಬೇಡಿ. ಒಂದು ನದಿಯಲ್ಲಿ ನಡೆಯುವುದು ಇನ್ನೊಂದರಲ್ಲಿ ದಂಡಕ್ಕೆ ದಾರಿ. 2020ರ ಡಿಸೆಂಬರ್‌ನಲ್ಲಿ ಒಲಿಂಪಿಕ್ ಪೆನಿನ್ಸುಲಾ ಕಡೆಯ ಕರಾವಳಿ ನದಿಗಳಲ್ಲಿ ಎರೆಯನ್ನೂ, ದೋಣಿಯಿಂದ ಗಾಳ ಹಾಕುವುದನ್ನೂ ನಿಲ್ಲಿಸಿದರು. ನಿಯಮ ಸೀಸನ್ ನಡುವೆಯೂ ಬದಲಾಗುತ್ತದೆ. ಹೊರಡುವ ಹಿಂದಿನ ರಾತ್ರಿ ವಾಷಿಂಗ್ಟನ್ ಮೀನು ಮತ್ತು ವನ್ಯಜೀವಿ ಇಲಾಖೆಯ ತುರ್ತು ನಿಯಮಗಳನ್ನು ನೀವೇ ಓದಿ. ಗೈಡ್ ಹೇಳಿದ ಅಂತ ಬಿಡಬೇಡಿ.

ನಮ್ಮ ಮುಂಗಡ ವಾಪಸ್ ಬಂದಿಲ್ಲ. ಮೀನನ್ನು ದೋಣಿಗೆ ಎತ್ತಿದ್ದರ ಬಗ್ಗೆ ಇಬ್ಬರೂ ಇಲಾಖೆಗೆ ಬರೆದು ಕೊಟ್ಟಿದ್ದೇವೆ. ಈ ಚಳಿಗಾಲಕ್ಕೆ ಗೈಡ್ ಹುಡುಕುತ್ತಿದ್ದರೆ ಮೊದಲು ಅವರ ಲೈಸೆನ್ಸ್ ವಿಚಾರಿಸಿ. ಎಷ್ಟು ಅಡಿ ಕಾಣದಿದ್ದರೆ ಟ್ರಿಪ್ ಮುಂದಕ್ಕೆ ಹಾಕುತ್ತೀರಿ, ದೋಣಿ ಎಲ್ಲಿ ಇಳಿಸುತ್ತೀರಿ, ಕಾಡು ಮೀನು ನುಂಗಿದರೆ ಏನು ಮಾಡುತ್ತೀರಿ ಅಂತ ಕೇಳಿ. ಉತ್ತರ ಇಮೇಲ್‌ನಲ್ಲಿ ಬಂದ ಮೇಲೆ ದುಡ್ಡು ಕಳಿಸಿ.