ಎಣಿಸಿ ಇಳಿಸಿಕೊಂಡರೆ ಸಾಲದು, ತೂಕ ಹಾಕಿ

ಮದುವೆ ಡೆಕೋರೇಷನ್‌ಗೆ ಕಬ್ಬಿಣದ ಸಾಮಾನು ಬಾಡಿಗೆಗೆ ಕೊಡುವವರು ದಯವಿಟ್ಟು ಇದನ್ನು ಓದಿ. ಸಾಮಾನು ವಾಪಸ್ ಬಾರದೇ ಹೋಗುವುದು ಹಳೇ ಮೋಸ. ನಮಗೆ ಆಗಿದ್ದು ಬೇರೆ. ಸಾಮಾನು ವಾಪಸ್ ಬಂತು, ಲೆಕ್ಕವೂ ಸರಿ ಇತ್ತು. ಆದರೆ ಬಂದಿದ್ದು ನಮ್ಮದಲ್ಲ.

ದಾವಣಗೆರೆಯಲ್ಲಿ ನಮ್ಮದೊಂದು ಕುಲುಮೆ ಇದೆ. ಬೆಂಕಿ, ಸುತ್ತಿಗೆ ಮಾವನದು. ಆರ್ಡರ್, ದುಡ್ಡು, ಫೋನು ನನ್ನದು. ಕುಡುಗೋಲು, ನೇಗಿಲಿನ ಕುಳಕ್ಕೆ ಗಿರಾಕಿ ಕಡಿಮೆಯಾದ ಮೇಲೆ ಮಂಟಪದ ಕಮಾನು, ದೀಪದ ಕಂಬ, ಬಳ್ಳಿ ಪ್ಯಾನೆಲ್ ಮಾಡಲು ಶುರು ಮಾಡಿದೆವು. ಕೆಲವನ್ನು ಮಾರುತ್ತೇವೆ, ಬಾಡಿಗೆಗೆ ಹೋಗುವುದೇ ಜಾಸ್ತಿ.

ಬಳ್ಳಿ ಪ್ಯಾನೆಲ್ ಅಂದರೆ ಸುಮ್ನೆ ಬಗ್ಗಿಸಿ ವೆಲ್ಡಿಂಗ್ ಹೊಡೆದಿದ್ದಲ್ಲ. 12 ಎಂಎಂ ಚೌಕದ ಗಟ್ಟಿ ಸರಳನ್ನು ಕಾಯಿಸಿ, ಬಡಿದು ಬಡಿದು ತುದಿಯನ್ನು ಸಣ್ಣ ಮಾಡುತ್ತಾ ಹೋಗಬೇಕು. ಮತ್ತೆ ಕಾಯಿಸಿ ಸುರುಳಿ ಸುತ್ತಬೇಕು. ಎರಡು ಸುರುಳಿ ಸೇರುವ ಕಡೆ ಕೆಂಪಗೆ ಕಾದ ಪಟ್ಟಿ ಸುತ್ತಿ ಬಡಿಯುತ್ತೇವೆ. ಅದು ಆರುವಾಗ ಕುಗ್ಗಿ ಬಿಗಿ ಹಿಡಿಯುತ್ತದೆ. ಒಂದು ಪ್ಯಾನೆಲ್‌ನಲ್ಲಿ ಕಬ್ಬಿಣದ ದುಡ್ಡಿಗಿಂತ ಮಾವನ ಮೈ ಬೆವರಿನ ದುಡ್ಡೇ ಜಾಸ್ತಿ.

ಚಿತ್ರದುರ್ಗ ಕಡೆಯ ಒಬ್ಬ ಡೆಕೋರೇಷನ್ ಗುತ್ತಿಗೆದಾರ ಜ್ಯೇಷ್ಠ ಮಾಸದ ಮುಹೂರ್ತಕ್ಕೆ ಎಂದು ಒಂದು ಕಮಾನು, ನಾಲ್ಕು ದೀಪದ ಕಂಬ, ಆರು ಬಳ್ಳಿ ಪ್ಯಾನೆಲ್ ಒಯ್ದ. ಅದಕ್ಕೂ ಮೊದಲು ಒಂದೆರಡು ಸಲ ಒಯ್ದು ಚೆನ್ನಾಗಿಯೇ ತಂದುಕೊಟ್ಟಿದ್ದ. ಈ ಸಲ ಮದುವೆ ಮುಗಿದ ಮೇಲೆ ಫೋನ್ ಬಂತು. "ಅಣ್ಣಾರೇ, ಹಿರಿಯೂರಲ್ಲಿ ಇನ್ನೊಂದು ಮದುವೆ ಬಂದಿದೆ, ಮಾಲು ನನ್ನ ಹತ್ರಾನೇ ಇರ್ಲಿ, ಬಾಡಿಗೆ ಸೇರಿಸಿ ಕೊಡ್ತೀನಿ" ಅಂದ. ಆಮೇಲೆ ಫೋನ್ ಎತ್ತುವುದೇ ಅಪರೂಪ. ಕೊನೆಗೆ ಒಂದು ರಾತ್ರಿ, ನಾವು ಊಟಕ್ಕೆ ಕೂರುವ ಹೊತ್ತಿಗೆ, ಲಗೇಜ್ ಗಾಡಿ ಬಂದು ನಿಂತಿತು. ಅವನ ಹುಡುಗರೇ ಇಳಿಸಿ, ಹಗ್ಗದ ಕಟ್ಟು ಬಿಚ್ಚದೇ ಶೆಡ್ಡಿನ ಗೋಡೆಗೆ ಒರಗಿಸಿದರು. ಎಣಿಸಿದೆ. ಹನ್ನೊಂದು. ಸರಿ ಇತ್ತು. ಉಳಿದ ಬಾಡಿಗೆಗೆ ಚೆಕ್ ಕೊಟ್ಟು ಹೋದ.

ಎಲ್ಲದಕ್ಕೂ ಗೋಲ್ಡ್ ಸ್ಪ್ರೇ ಹೊಡೆದಿದ್ದ! ಕೇಳಿದರೆ, "ಹುಡುಗಿ ಕಡೆಯೋರು ಬಂಗಾರದ ಕಲರೇ ಬೇಕು ಅಂದ್ರು" ಎಂದ. ನನಗೆ ಸಿಟ್ಟು ಬಂದಿದ್ದು ಬರೀ ಬಣ್ಣಕ್ಕೆ. ಆ ಬಣ್ಣ ಯಾಕೆ ಬಳಿದಿದ್ದು ಅನ್ನುವುದು ತಿಳಿದಿದ್ದು ಆಷಾಢದಲ್ಲಿ.

ಆಷಾಢದಲ್ಲಿ ಮದುವೆ ಇಲ್ಲ. ನಮಗೆ ಅದು ರಿಪೇರಿ ತಿಂಗಳು. ಹೂವಿಗೆ ಚಿಮುಕಿಸಿದ ನೀರಿನಿಂದ ತುಕ್ಕು ಹಿಡಿದಿದ್ದನ್ನು ತಿಕ್ಕುವುದು, ಬೈಂಡಿಂಗ್ ವೈರ್ ಚೂರು ಕೀಳುವುದು, ಇಂಥ ಕೆಲಸ. ಕಟ್ಟು ಬಿಚ್ಚಿ ಒಳಗಿನ ಒಂದು ಪ್ಯಾನೆಲ್ ಎತ್ತಿದ ಮಾವ ಹಾಗೇ ನಿಂತರು. ಸಣ್ಣ ಸುತ್ತಿಗೆಯಿಂದ ಒಂದು ಕುಟ್ಟಿದರು. ಗಟ್ಟಿ ಸರಳು ಟಣ್ ಅನ್ನಬೇಕು. ಇದು ಡಬಡಬ ಅಂತು. "ಇದು ನನ್ನ ಕೈದಲ್ಲ" ಅಂದರು, ಅಷ್ಟೇ. ಬಣ್ಣ ಕೆರೆದಾಗ ಪಟ್ಟಿ ಇರಬೇಕಾದ ಕಡೆ ಪುಟ್ಟಿ ಉದುರಿತು. ಕೆಳಗೆ ವೆಲ್ಡಿಂಗ್ ಗಂಟು. ಸುರುಳಿಯ ತುದಿ ಸಣ್ಣಗಾಗುತ್ತಾ ಹೋಗಿಯೇ ಇಲ್ಲ, ಪೈಪನ್ನು ಕತ್ತರಿಸಿ ಬಾಯಿ ಮುಚ್ಚಿದ್ದರು. ಆರರಲ್ಲಿ ನಾಲ್ಕು ಪ್ಯಾನೆಲ್, ಎರಡು ದೀಪದ ಕಂಬ ಬದಲಾಗಿದ್ದವು. ಅಸಲಿ ಪ್ಯಾನೆಲ್‌ಗಳನ್ನು ಕಟ್ಟಿನ ಹೊರಗಡೆಗೆ ಇಟ್ಟು, ನಕಲಿಯನ್ನು ಒಳಗೆ ಸೇರಿಸಿದ್ದ. ಬುದ್ಧಿ ನೋಡಿ!

ಫೋನ್ ಮಾಡಿದರೆ, "ನೀವು ಕೊಟ್ಟಿದ್ದೇ ಇದು ಯಜಮಾನ್ರೇ, ಸಹಿ ಹಾಕಿ ತಗೊಂಡಿದೀರಲ್ಲ" ಅಂದ. ಚಲನ್‌ನಲ್ಲಿ ಇದ್ದಿದ್ದು ಪೀಸ್ ಲೆಕ್ಕ ಮಾತ್ರ. ಕಳಿಸುವಾಗ ತೆಗೆದ ಫೋಟೋದಲ್ಲಿ ಅಸಲಿಗೂ ನಕಲಿಗೂ ವ್ಯತ್ಯಾಸ ಕಾಣುವುದಿಲ್ಲ. ಠಾಣೆಗೆ ಹೋದರೆ ಸಿವಿಲ್ ಮ್ಯಾಟರ್ ಅಂದರು. ನಂಬಿ ಒಪ್ಪಿಸಿದ ವಸ್ತುವನ್ನು ನುಂಗಿದರೆ ಅದು ಅಪರಾಧವೇ. ಮೊದಲು ಐಪಿಸಿ 406 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಇದೆ. ಆದರೆ ಕೊಟ್ಟಿದ್ದು ಇದಲ್ಲ ಎಂದು ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ವಾ?

ಚೆಕ್ಕೂ ಬೌನ್ಸ್ ಆಯಿತು. ಇದೊಂದರಲ್ಲಿ ಮಾತ್ರ ದಾರಿ ಇತ್ತು. ಚೆಕ್ಕನ್ನು ಅದರ ತಾರೀಖಿನಿಂದ 3 ತಿಂಗಳ ಒಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಚೆಕ್ ಬೌನ್ಸ್‌ಗೆ ಇರುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೆಳಗೆ ಕೋರ್ಟಿಗೆ ಹೋಗಬೇಕು. "ನಾಳೆ ಹಾಕ್ತೀನಿ, ನಾಡಿದ್ದು ಹಾಕ್ತೀನಿ" ಎಂದು ಸತಾಯಿಸುವುದು ಈ ದಿನಗಳನ್ನು ದಾಟಿಸಲಿಕ್ಕೇ. ವಕೀಲರ ನೋಟಿಸ್ ಹೋದ ಮೇಲೆ ಬಾಡಿಗೆ ದುಡ್ಡು ಬಂತು. ಪ್ಯಾನೆಲ್ ಬರಲಿಲ್ಲ.

ಈಗ ನಾವು ತೂಕ ಹಾಕದೇ ಒಂದು ಸಾಮಾನನ್ನೂ ಹೊರಗೆ ಬಿಡುವುದಿಲ್ಲ. 12 ಎಂಎಂ ಗಟ್ಟಿ ಚೌಕ ಸರಳು ಮೀಟರಿಗೆ ಸುಮಾರು 1.13 ಕೆಜಿ ತೂಗುತ್ತದೆ. ಅದೇ ಅಳತೆಯ, 1 ಎಂಎಂ ದಪ್ಪದ ಪೈಪ್ ಅದರ ಮೂರನೇ ಒಂದು ಭಾಗವೂ ಬರುವುದಿಲ್ಲ ಅನ್ನಬಹುದು. ಬಣ್ಣ ಬಳಿದು ಕಣ್ಣಿಗೆ ಮೋಸ ಮಾಡಬಹುದು, ತಕ್ಕಡಿಗೆ ಆಗುವುದಿಲ್ಲ. ಆಯಸ್ಕಾಂತ ಹಿಡಿದು ನೋಡಿ ಎಂದು ಒಬ್ಬರು ಹೇಳಿದರು. ಪೈಪೂ ಕಬ್ಬಿಣವೇ, ಅಂಟಿಯೇ ಅಂಟುತ್ತದೆ! ಪ್ರತಿ ಪೀಸಿನ ತೂಕ ಚಲನ್‌ನಲ್ಲಿ ಬರೆದು, ತಕ್ಕಡಿ ಮೇಲಿಟ್ಟ ವಿಡಿಯೋ ವಾಟ್ಸಾಪ್‌ನಲ್ಲಿ ಕಳಿಸಿ, ಅವರಿಂದ 'ಓಕೆ' ಬಂದ ಮೇಲೆಯೇ ಗಾಡಿ ಹೊರಡುತ್ತದೆ. ಡಿಪಾಸಿಟ್ ಕೂಡ ಬಾಡಿಗೆಯ ಲೆಕ್ಕದಲ್ಲಿ ಅಲ್ಲ, ಹೊಸದಾಗಿ ಮಾಡಲು ತಗಲುವ ಖರ್ಚಿನ ಲೆಕ್ಕದಲ್ಲಿ. ಇದಕ್ಕೆ ಮುಖ ಸಿಂಡರಿಸಿ ಹೋದವರು ಇದ್ದಾರೆ, ಹೋಗಲಿ. ಬಣ್ಣ ಬಳಿಯುವಂತಿಲ್ಲ. ಕತ್ತಲಾದ ಮೇಲೆ ಸಾಮಾನು ಇಳಿಸಿಕೊಳ್ಳುವುದಿಲ್ಲ, ಗಾಡಿ ಬೆಳಗಿನ ತನಕ ನಿಲ್ಲಲಿ.

ಕಳೆದುಹೋದ ನಾಲ್ಕು ಪ್ಯಾನೆಲ್ ಆಳೆತ್ತರ ಇವೆ. ಅಡಿಯ ಸುರುಳಿಗಳ ತುದಿಯನ್ನು ಮಾವ ಮೀನಿನ ಬಾಲದ ಹಾಗೆ ಚಪ್ಪಟೆ ಬಡಿದಿರುತ್ತಾರೆ. ಜೋಡಿ ಸುರುಳಿಗಳು ಅಳೆದರೆ ಒಂದಕ್ಕೊಂದು ಸ್ವಲ್ಪ ಹೆಚ್ಚುಕಮ್ಮಿ ಇರುತ್ತವೆ. ದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆ ಯಾರಾದರೂ ಇಂಥವನ್ನು ಅಗ್ಗಕ್ಕೆ ಮಾರಲು ತಂದರೆ, ದುಡ್ಡು ಕೊಡುವ ಮೊದಲು ಯಾವ ಕುಲುಮೆಯಲ್ಲಿ ಮಾಡಿಸಿದ್ದು ಎಂದು ಕೇಳಿ, ಬಿಲ್ ನೋಡಿ.