ನಿಕಾನ್ ಝೆಡ್6, ಝೆಡ್7 (ಎರಡನೇ ತಲೆಮಾರು): ಯಾವ ಫೋಟೋಗೆ ಯಾವುದು?

ಎರಡೂ ಕ್ಯಾಮೆರಾಗಳನ್ನು ಪಕ್ಕಪಕ್ಕ ಇಟ್ಟರೆ, ಮುಂದಿರುವ ಬ್ಯಾಡ್ಜ್ ಓದದೆ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ಅದೇ ಗ್ರಿಪ್, ಅದೇ ಬಟನ್‌ಗಳು, ಅದೇ ಮೆನು, ಅದೇ ಬ್ಯಾಟರಿ. ಬ್ಯಾಟರಿ, ಕಾರ್ಡ್ ಸೇರಿಸಿದರೆ ಎರಡರ ತೂಕವೂ ಸುಮಾರು 705 ಗ್ರಾಂ. ಎರಡನ್ನೂ ಕಂಪನಿ ಘೋಷಿಸಿದ್ದು 2020ರ ಅಕ್ಟೋಬರ್‌ನಲ್ಲಿ, ಒಂದೇ ದಿನ. ನಾನಂತೂ ಒಂದರ ತಳಕ್ಕೆ ಹಳದಿ ಟೇಪ್ ಅಂಟಿಸಿಕೊಂಡಿದ್ದೇನೆ. ಇಲ್ಲದಿದ್ದರೆ ಬ್ಯಾಗಿಗೆ ಕೈ ಹಾಕಿದಾಗ ಬೇಕಾದ್ದು ಬಿಟ್ಟು ಇನ್ನೊಂದೇ ಕೈಗೆ ಬರುತ್ತದೆ. ಪದೇಪದೇ ಪೂರ್ತಿ ಹೆಸರು ಬರೆಯುವುದು ಬೇಡ, ಇನ್ನು ಮುಂದೆ ‘ಆರು’, ‘ಏಳು’ ಅಂತಲೇ ಕರೆಯುತ್ತೇನೆ.

ಕೆಲವು ವರ್ಷಗಳಿಂದ ಎರಡನ್ನೂ ಬಳಸುತ್ತಿದ್ದೇನೆ. ವೇದಿಕೆ ಕಾರ್ಯಕ್ರಮ, ಮದುವೆ, ಸಂದರ್ಶನದ ಫೋಟೋ ನನ್ನ ಸಂಪಾದನೆಯ ಕೆಲಸ. ಬೆಟ್ಟ, ನೀರು, ಹುಳ, ಹೂವು ನನ್ನ ಖುಷಿಗೆ. ಹಾಗಾಗಿ ಎರಡು ಕ್ಯಾಮೆರಾ ಇಟ್ಟುಕೊಂಡದ್ದು ಶೋಕಿಗಲ್ಲ. ‘ಏಳು’ ಅನ್ನುವುದು ‘ಆರ’ಕ್ಕಿಂತ ಒಂದು ಮೆಟ್ಟಿಲು ಮೇಲಿನದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬೆಲೆಯೂ ಜಾಸ್ತಿ, ನಂಬರೂ ದೊಡ್ಡದು, ಹಾಗನ್ನಿಸುವುದು ಸಹಜ. ಬಳಸಿದ ಮೇಲೆ ನನಗೆ ಕಂಡದ್ದೇ ಬೇರೆ. ಇವು ಮೇಲೆ ಕೆಳಗೆ ಅಲ್ಲ, ಅಕ್ಕಪಕ್ಕ. ನಿಮ್ಮ ಮುಂದಿರುವ ವಸ್ತು ಅಲುಗಾಡುತ್ತದೆಯೋ ಇಲ್ಲವೋ, ಬೆಳಕು ಎಷ್ಟಿದೆ, ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಕ್ಯಾಮೆರಾ ಯಾವುದು ಅಂತ ತಾನೇ ತೀರ್ಮಾನವಾಗುತ್ತದೆ.

ಮುಖ್ಯ ವ್ಯತ್ಯಾಸ ಇರುವುದು ಸೆನ್ಸರ್‌ನಲ್ಲಿ. ಆರರಲ್ಲಿ 24.5 ಮೆಗಾಪಿಕ್ಸೆಲ್, ಏಳರಲ್ಲಿ 45.7. ಕೇಳಿದರೆ ಹತ್ತಿರಹತ್ತಿರ ಎರಡು ಪಟ್ಟು. ಆದರೆ ಫೋಟೋದ ಅಗಲ ನೋಡಿ: ಆರರದ್ದು 6048 ಪಿಕ್ಸೆಲ್, ಏಳರದ್ದು 8256. ಅಂದರೆ ಅಗಲದಲ್ಲಿ ಜಾಸ್ತಿಯಾದದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. 300 ಡಿಪಿಐನಲ್ಲಿ ಪ್ರಿಂಟ್ ಹಾಕಿದರೆ ಆರರ ಫೈಲ್ 20 ಇಂಚು ಅಗಲಕ್ಕೆ ಸಾಕಾಗುತ್ತದೆ, ಏಳರದ್ದು ಇಪ್ಪತ್ತೇಳೂವರೆ ಇಂಚಿಗೆ. ಫೋನಿನಲ್ಲಿ ತೋರಿಸಲಿಕ್ಕಾದರೆ ಎರಡೂ ಒಂದೇ, ಅದರಲ್ಲಿ ಅನುಮಾನವೇ ಬೇಡ.

ಹಾಗಾದರೆ ಏಳು ಯಾಕೆ ಬೇಕು? ಟ್ರೈಪಾಡ್ ಮೇಲೆ ಕೂತ ಏಳನ್ನು ಒಮ್ಮೆ ನೋಡಬೇಕು ನೀವು. ದೂರದ ಬೆಟ್ಟದ ಸಾಲು, ಬಿಸಿಲೇರುವ ಮೊದಲು, ಗಾಳಿ ಇಲ್ಲ. ಒಳ್ಳೆಯ ಲೆನ್ಸ್, ಅಪರ್ಚರ್ (ಬೆಳಕು ಒಳಬರುವ ತೂತು) ಎಫ್/5.6 ಅಥವಾ ಎಫ್/8. ಆ ಫೈಲನ್ನು ದೊಡ್ಡ ಪರದೆಯಲ್ಲಿ ಹತ್ತಿರ ತಂದು ನೋಡಿದರೆ ಹಸಿರು ರಾಶಿ ಅಂತ ಕಂಡದ್ದು ಒಂದೊಂದೇ ಮರವಾಗಿ ಬಿಡಿಬಿಡಿಯಾಗುತ್ತದೆ. ಆರರ ಫೈಲಿನಲ್ಲಿ ಅದೇ ಜಾಗ ಚೆನ್ನಾಗಿಯೇ ಇರುತ್ತದೆ, ಆದರೆ ಎಲೆಗಳು ಒಂದಕ್ಕೊಂದು ಅಂಟಿಕೊಂಡಂತೆ. ಆರರಲ್ಲಿ ಸೆನ್ಸರ್ ಮುಂದೆ ಲೋ ಪಾಸ್ ಫಿಲ್ಟರ್, ಅಂದರೆ ಅತಿ ಸೂಕ್ಷ್ಮ ವಿವರವನ್ನು ಸ್ವಲ್ಪ ಮೆದುಗೊಳಿಸುವ ಪದರ ಇದೆ, ಏಳರಲ್ಲಿ ಇಲ್ಲ. ಈ ವ್ಯತ್ಯಾಸದಲ್ಲಿ ಅದರ ಪಾಲೂ ಇದೆ.

ಮೆಗಾಪಿಕ್ಸೆಲ್‌ಗಿಂತ ನನಗೆ ಹೆಚ್ಚು ಇಷ್ಟವಾದದ್ದು ಏಳರ ಐಎಸ್‌ಒ 64 (ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್). ಆರು ಶುರುವಾಗುವುದೇ 100ರಿಂದ. ಅದರಲ್ಲೂ 50ಕ್ಕೆ ಸಮನಾದ ಕೆಳಗಿನ ಸೆಟ್ಟಿಂಗ್ ಒಂದಿದೆ, ಆದರೆ ಅದು ಸುಮ್ನೆ ಹೆಸರಿಗೆ. ಹೈಲೈಟ್, ಅಂದರೆ ತುಂಬಾ ಬೆಳಕಿರುವ ಭಾಗ, ಬೇಗ ಸುಟ್ಟುಹೋಗುತ್ತದೆ, ಲಾಭ ಏನೂ ಇಲ್ಲ. ಏಳರ 64 ಮಾತ್ರ ಅಸಲಿ. ಸೆನ್ಸರ್ ಅಷ್ಟು ಹೆಚ್ಚು ಬೆಳಕನ್ನು ನಿಜವಾಗಿಯೂ ತುಂಬಿಸಿಕೊಳ್ಳುತ್ತದೆ. ಮೋಡದ ಅಂಚು ಉಳಿಯುವ ಹಾಗೆ ಎಕ್ಸ್‌ಪೋಶರ್ ಇಟ್ಟು, ಬಂಡೆಯ ನೆರಳನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಎತ್ತಿದರೂ ಕಪ್ಪಿನಲ್ಲಿ ಕೊಳೆ ಕಾಣುವುದಿಲ್ಲ. ಜಲಪಾತಕ್ಕೂ ಇದರಿಂದ ಅನುಕೂಲ. 100ಕ್ಕೂ 64ಕ್ಕೂ ಮಧ್ಯೆ ಮೂರನೇ ಎರಡು ಸ್ಟಾಪ್ ಅಂತರ ಇದೆ. ನೀರು ನೂಲಿನಂತೆ ಬರಲು ಎಷ್ಟೋ ಸಲ ಅಷ್ಟೇ ಸಾಕು, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹುಡುಕುವ ಕೆಲಸ ತಪ್ಪುತ್ತದೆ. ರಾತ್ರಿಗೋ ಬೆಳಗಿನ ಜಾವಕ್ಕೋ ಉದ್ದದ ಎಕ್ಸ್‌ಪೋಶರ್ ಬೇಕಾದರೆ ಎರಡರಲ್ಲೂ ಮ್ಯಾನ್ಯುಯಲ್ ಮೋಡ್‌ನಲ್ಲಿ 900 ಸೆಕೆಂಡ್‌ವರೆಗೆ ಸೆಟ್ ಮಾಡಬಹುದು, ರಿಮೋಟ್ ಬೇಡ.

ಆದರೆ ಏಳು ಸೋಮಾರಿಗಳಿಗಲ್ಲ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸ್ ಎಷ್ಟು ಮಿಲಿಮೀಟರೋ ಸೆಕೆಂಡಿನ ಅಷ್ಟರ ಒಂದು ಭಾಗ ಶಟರ್ ಇಡಬೇಕು ಅನ್ನುವ ಹಳೇ ಲೆಕ್ಕ ಇದೆಯಲ್ವಾ, ಅದು ಇಲ್ಲಿ ಸಾಲದು. ಮೈಯೊಳಗಿನ ಸ್ಟೆಬಿಲೈಸೇಶನ್ ನಮ್ಮ ಕೈ ನಡುಕ ತಡೆಯುತ್ತದೆ, ಗಾಳಿಗೆ ಆಡುವ ಕೊಂಬೆಯನ್ನಲ್ಲ. 85 ಎಂಎಂ ಲೆನ್ಸಿಗೆ ಆರರಲ್ಲಿ ನಾನು 1/125 ಇಡುವ ಕಡೆ ಏಳರಲ್ಲಿ 1/250 ಇಡುತ್ತೇನೆ. ಹಾಗೆ ಇಟ್ಟ ಕೂಡಲೇ ಐಎಸ್‌ಒ ಒಂದು ಸ್ಟಾಪ್ ಮೇಲೇರುತ್ತದೆ, 64ರ ಸುಖ ಅಲ್ಲೇ ಕರಗುತ್ತದೆ. ಅಪರ್ಚರ್ ಕಥೆಯೂ ಹೀಗೇ. ಎಲ್ಲವೂ ಫೋಕಸ್‌ನಲ್ಲಿರಲಿ ಅಂತ ಎಫ್/16ಕ್ಕೆ ಹೋದರೆ ಬೆಳಕು ಆ ಸಣ್ಣ ತೂತಿನಲ್ಲಿ ಹರಡಿಕೊಂಡು ಸೂಕ್ಷ್ಮ ವಿವರ ಮಸುಕಾಗುತ್ತದೆ. ಆಗ ಎರಡರ ಫೋಟೋಗಳ ನಡುವಿನ ಅಂತರ ಬಹುಮಟ್ಟಿಗೆ ಮಾಯ. ಟ್ರೈಪಾಡ್ ಹೊರುವ ಮನಸ್ಸಿಲ್ಲ, ಎಫ್/16 ಬಿಡಲ್ಲ ಅನ್ನುವವರು ಆರು ತಗೊಂಡು ಉಳಿದ ದುಡ್ಡಿಗೆ ಒಳ್ಳೆಯ ಲೆನ್ಸ್ ಕೊಳ್ಳುವುದೇ ಮೇಲು.

ಶಟರ್ ಮೆನುವಿನಲ್ಲಿ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ ಅಂತ ಒಂದು ಆಯ್ಕೆ ಇದೆ. ಏಳು ಕೊಂಡವರು ಮೊದಲು ಅದನ್ನು ಆನ್ ಮಾಡಿ. ಯಾಂತ್ರಿಕ ಶಟರ್‌ನ ಮೊದಲ ಹೊಡೆತದ ನಡುಕ ತಪ್ಪುತ್ತದೆ, ಅದು ನಿಧಾನದ ಶಟರ್‌ನಲ್ಲಿ ಎದ್ದು ಕಾಣುವಂಥದ್ದು. ಆನ್ ಇದ್ದಾಗ ಶಟರ್ 1/2000ಕ್ಕಿಂತ ವೇಗ ಹೋಗುವುದಿಲ್ಲ, ಅದೊಂದು ನೆನಪಿರಲಿ.

ಈಗ ವೇದಿಕೆಗೆ ಬರೋಣ. ಇಲ್ಲಿ ಆರೇ ರಾಜ. ಆಟೋಫೋಕಸ್ ಎಷ್ಟು ಕತ್ತಲಲ್ಲಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಕಂಪನಿ ಕೊಡುವ ಅಂಕಿ ಆರಕ್ಕೆ ಮೈನಸ್ 4.5 ಇವಿ, ಏಳಕ್ಕೆ ಮೈನಸ್ 3 (ಇವಿ ಬೆಳಕಿನ ಅಳತೆ, ಅಂಕಿ ಇಳಿದಷ್ಟೂ ಕತ್ತಲು). ಕಾಗದದ ಮೇಲೆ ಒಂದೂವರೆ ಸ್ಟಾಪ್. ಮಂದ ಬೆಳಕಿನ ಸಭಾಂಗಣದಲ್ಲಿ ಅದರ ಅರ್ಥ ಇಷ್ಟು: ಹಾಡುಗಾರ್ತಿ ಕಣ್ಣು ತೆರೆದ ಆ ಕ್ಷಣಕ್ಕೆ ಆರು ಟಕ್ ಅಂತ ಹಿಡಿಯುತ್ತದೆ, ಏಳು ಒಮ್ಮೆ ಹಿಂದೆಮುಂದೆ ತಡಕಾಡಿ ಆಮೇಲೆ ಹಿಡಿಯುತ್ತದೆ. ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತದೆ.

ನಾಯ್ಸ್, ಅಂದರೆ ಫೋಟೋದಲ್ಲಿ ಕಾಣುವ ಕಾಳುಕಾಳು ಕೊಳೆಯ ಬಗ್ಗೆ ಒಂದು ಮಾತು. ಏಳರಲ್ಲಿ ನಾಯ್ಸ್ ಜಾಸ್ತಿ ಅಂತ ಹೇಳುವವರು ಸಾಮಾನ್ಯವಾಗಿ ಎರಡನ್ನೂ 100% ಜೂಮ್‌ನಲ್ಲಿ ಹೋಲಿಸುತ್ತಾರೆ. ಅದು ಸರಿಯಾದ ಹೋಲಿಕೆ ಅಲ್ಲ. ಏಳರ ಫೈಲನ್ನು ಆರರ ಅಳತೆಗೆ ಇಳಿಸಿ ನೋಡಿ, ಐಎಸ್‌ಒ 3200, 6400ರಲ್ಲಿ ವ್ಯತ್ಯಾಸ ಹುಡುಕಬೇಕಾಗುತ್ತದೆ. ಅದಕ್ಕಿಂತ ಮೇಲೆ ಆರು ಸ್ವಲ್ಪ ಮುಂದೆ. ಅದರ ಸಾಮಾನ್ಯ ಐಎಸ್‌ಒ ಮಿತಿ 51200, ಏಳರದ್ದು 25600. ನಾನು ಯಾವುದರಲ್ಲೂ ಅಷ್ಟು ದೂರ ಹೋಗುವುದಿಲ್ಲ. ಆರನ್ನು ವೇದಿಕೆಗೆ ಒಯ್ಯುವುದು ನಾಯ್ಸ್‌ಗಾಗಿ ಅಲ್ಲ, ಫೋಕಸ್‌ಗಾಗಿ ಮತ್ತು ಫೈಲಿನ ಗಾತ್ರಕ್ಕಾಗಿ. 14 ಬಿಟ್ ಲಾಸ್‌ಲೆಸ್ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸಿದ ಫೈಲ್) ಆರರಲ್ಲಿ ಸುಮಾರು 30 ಎಂಬಿ, ಏಳರಲ್ಲಿ 50 ಎಂಬಿ ದಾಟುತ್ತದೆ. ಒಂದು ಸಂಜೆಯ ಸಾವಿರಾರು ಫೋಟೋ ಸೋಸಿ ಮರುದಿನ ಕೊಡಬೇಕಾದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಸೈಲೆಂಟ್ ಮೋಡ್ ಬಗ್ಗೆ ಎಚ್ಚರ. ಎರಡರದ್ದೂ ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರ್ ಅಲ್ಲ, ಚಿತ್ರವನ್ನು ಸಾಲುಸಾಲಾಗಿ ನಿಧಾನಕ್ಕೆ ಓದಿಕೊಳ್ಳುತ್ತವೆ. ಎಲ್‌ಇಡಿ ಬೆಳಕಿನಲ್ಲಿ ಫೋಟೋ ತುಂಬ ಅಡ್ಡಪಟ್ಟೆ ಬೀಳಬಹುದು. ಕೈ ಬೀಸಿದ ನರ್ತಕಿಯ ತೋಳು ವಾಲಿದಂತೆ ಬರುತ್ತದೆ. ಸಾಲುಗಳು ಜಾಸ್ತಿ ಇರುವ ಏಳರಲ್ಲಿ ಈ ಕಾಟ ಇನ್ನೂ ಹೆಚ್ಚು. ಸದ್ದಿಲ್ಲದೆ ಕೆಲಸ ಆಗಬೇಕಾದ ಸಂಗೀತ ಕಛೇರಿಗೆ ಇವೆರಡೂ ಹೇಳಿ ಮಾಡಿಸಿದ ಕ್ಯಾಮೆರಾಗಳಲ್ಲ. ಹಾಡು ಮುಗಿದು ಚಪ್ಪಾಳೆ ಬೀಳುವಾಗ ಕ್ಲಿಕ್ ಮಾಡುವುದು ನಾನು ಕಂಡುಕೊಂಡ ದಾರಿ.

ಮ್ಯಾಕ್ರೋದಲ್ಲಿ ಮತ್ತೆ ಏಳಕ್ಕೆ ಮಣೆ. 105 ಎಂಎಂ ಎಫ್/2.8 ಎಂಸಿ ಲೆನ್ಸ್ ಹಾಕಿ 1:1 ಅಳತೆಗೆ (ವಸ್ತು ಇರುವಷ್ಟೇ ದೊಡ್ಡದಾಗಿ ಸೆನ್ಸರ್ ಮೇಲೆ ಬೀಳುವಷ್ಟು) ಹತ್ತಿರ ಹೋದರೆ, ವಸ್ತುವಿನ ಒಂದೊಂದು ಮಿಲಿಮೀಟರಿಗೂ ಏಳರಲ್ಲಿ ಸುಮಾರು 230 ಪಿಕ್ಸೆಲ್ ಸಿಗುತ್ತವೆ, ಆರರಲ್ಲಿ 168. ಎಲೆ ಮೇಲೆ ಕೂತ ಜಿಗಿಯುವ ಜೇಡ ಇರುವುದೇ ಐದಾರು ಮಿಲಿಮೀಟರ್. ಅದರ ಮುಂದಿನ ದೊಡ್ಡ ಕಣ್ಣೆರಡರಲ್ಲಿ ನನ್ನ ಫ್ಲಾಶ್ ಡಿಫ್ಯೂಸರ್‌ನ ಚೌಕ, ಪಕ್ಕದ ಕಡ್ಡಿ ಎರಡೂ ಪ್ರತಿಬಿಂಬಿಸಿರುತ್ತವೆ. ಕಣ್ಣಿನ ಸುತ್ತಲಿನ ರೋಮ ಎಣಿಸುವಷ್ಟು ಸ್ಪಷ್ಟ. ಜೇಡ ಸುಮ್ಮನೆ ಕೂತರೆ ಫೋಕಸ್ ಶಿಫ್ಟ್ ಬಳಸಬಹುದು. ಕ್ಯಾಮೆರಾ ತಾನೇ ಫೋಕಸನ್ನು ಸ್ವಲ್ಪಸ್ವಲ್ಪ ಸರಿಸುತ್ತಾ 300ರವರೆಗೆ ಫೋಟೋ ತೆಗೆಯುತ್ತದೆ. ಅವುಗಳನ್ನು ಜೋಡಿಸಲು ಮಾತ್ರ ಕಂಪ್ಯೂಟರ್ ಬೇಕು, ಕ್ಯಾಮೆರಾದೊಳಗೆ ಆಗುವುದಿಲ್ಲ. ಇದು ಎರಡರಲ್ಲೂ ಇದೆ. ನನ್ನ ತಕರಾರು ಪರದೆ ಬಗ್ಗೆ. ಅದು ಮೇಲೆ ಕೆಳಗೆ ಮಾತ್ರ ಬಾಗುತ್ತದೆ, ಪಕ್ಕಕ್ಕೆ ತಿರುಗುವುದಿಲ್ಲ. ಕ್ಯಾಮೆರಾ ಉದ್ದುದ್ದ ಹಿಡಿದು ನೆಲಮಟ್ಟದಲ್ಲಿ ಅಣಬೆ ತೆಗೆಯಬೇಕೆಂದರೆ ಮಣ್ಣಲ್ಲಿ ಮಲಗುವುದೇ ಗತಿ.

ಪೋರ್ಟ್ರೇಟ್‌ಗೆ ನಾನು ಹೆಚ್ಚಾಗಿ ಆರನ್ನೇ ಕೈಗೆತ್ತಿಕೊಳ್ಳುತ್ತೇನೆ, ಇದು ಕೆಲವರಿಗೆ ಆಶ್ಚರ್ಯ. 85 ಎಂಎಂ ಎಫ್/1.8 ಲೆನ್ಸ್‌ನಲ್ಲಿ ಏಳು ಎಷ್ಟು ನಿರ್ದಯಿ ಅಂದರೆ ಫೋಕಸ್ ಕಣ್ಣಿನ ಬದಲು ರೆಪ್ಪೆಗೂದಲ ಮೇಲೆ ಕೂತರೂ ತೋರಿಸಿಬಿಡುತ್ತದೆ. ಚರ್ಮದ ಒಂದೊಂದು ರಂಧ್ರವೂ ಹಾಜರು. ಆಮೇಲೆ ಅದನ್ನೆಲ್ಲ ಮೃದು ಮಾಡುತ್ತಾ ಕೂರಬೇಕು. ಸಣ್ಣ ಗೆರೆ, ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ಬಣ್ಣಬಣ್ಣದ ಅಲೆಗಳು, ಅಂದರೆ ಮುಆರೆ, ಏಳರಲ್ಲಿ ಬೇಗ ಕಾಣಿಸಿಕೊಳ್ಳಬಹುದು. ಆರಕ್ಕೂ ಅದರಿಂದ ಪೂರ್ತಿ ಮುಕ್ತಿ ಇಲ್ಲ, ಆದರೆ ಫಿಲ್ಟರ್ ಇರುವುದರಿಂದ ಕಾಟ ಕಡಿಮೆ. ಗೋಡೆಗಾತ್ರದ ಪ್ರಿಂಟ್ ಬೇಕು ಅನ್ನುವ ಸ್ಟುಡಿಯೋ ಕೆಲಸವಾದರೆ, ಫ್ಲಾಶ್ ಬೆಳಕು ಸಾಕಷ್ಟಿದ್ದರೆ, ಆಗ ಏಳು.

ನಕ್ಷತ್ರಗಳಿಗೆ ಯಾವುದಾದರೂ ಸೈ. 20 ಎಂಎಂ ಲೆನ್ಸಿಗೆ 500ರ ಲೆಕ್ಕದಂತೆ (500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸುವುದು) 25 ಸೆಕೆಂಡ್ ಇಟ್ಟರೆ ಏಳರಲ್ಲಿ ಚುಕ್ಕಿಗಳು ಗೆರೆಯಾದದ್ದು ಸ್ಪಷ್ಟವಾಗಿ ಕಾಣುತ್ತದೆ. 10–12 ಸೆಕೆಂಡಿಗೆ ಇಳಿಸಿ, ಹಲವು ಫೋಟೋ ಪೇರಿಸುವುದು ವಾಸಿ.

ಹಕ್ಕಿಗಳ ವಿಷಯದಲ್ಲಿ ಎರಡೂ ನನ್ನ ಮೊದಲ ಆಯ್ಕೆಯಲ್ಲ. ಆರರ ವೇಗ ಸೆಕೆಂಡಿಗೆ 14 ಫ್ರೇಮ್ ಅಂತ ಬರೆದಿರುತ್ತದೆ, ಆದರೆ ಅದು 12 ಬಿಟ್ ರಾದಲ್ಲಿ, ಸಿಂಗಲ್ ಪಾಯಿಂಟ್ ಫೋಕಸ್‌ನಲ್ಲಿ. ಆ ವೇಗದಲ್ಲಿ ವ್ಯೂಫೈಂಡರ್ ತೋರಿಸುವುದು ಆಗತಾನೇ ತೆಗೆದ ಫೋಟೋವನ್ನು, ಈಗ ಹಕ್ಕಿ ಎಲ್ಲಿದೆ ಅನ್ನುವುದನ್ನಲ್ಲ. ದಿಕ್ಕು ಬದಲಿಸುವ ಹಕ್ಕಿ ಫ್ರೇಮಿನಿಂದ ಜಾರಿಹೋಗುತ್ತದೆ. ಸಬ್ಜೆಕ್ಟ್ ಟ್ರ್ಯಾಕಿಂಗ್ ಕೂಡ ಹಿನ್ನೆಲೆಯ ಕೊಂಬೆಗೆ ಸುಲಭವಾಗಿ ಅಂಟಿಕೊಳ್ಳುವಂಥದ್ದು. ಕೊಂಬೆ ಮೇಲೆ ಕೂತ ಹಕ್ಕಿಗೆ ಮಾತ್ರ ಏಳು ಒಳ್ಳೆಯದು. ಡಿಎಕ್ಸ್ ಕ್ರಾಪ್ ಮಾಡಿದರೂ, ಅಂದರೆ ಸೆನ್ಸರ್‌ನ ನಡುಭಾಗ ಮಾತ್ರ ಬಳಸಿದರೂ, ಸುಮಾರು 19.5 ಮೆಗಾಪಿಕ್ಸೆಲ್ ಉಳಿಯುತ್ತದೆ, 180-600 ಎಂಎಂ ಲೆನ್ಸ್ ಆಗ 900ರಂತೆ ಕೆಲಸ ಮಾಡುತ್ತದೆ. ಆರರಲ್ಲಿ ಅದೇ ಕ್ರಾಪ್‌ಗೆ ಉಳಿಯುವುದು 10 ಚಿಲ್ಲರೆ.

ವಿಡಿಯೋ ನನ್ನ ಕ್ಷೇತ್ರವಲ್ಲ. 4ಕೆ 30ರಲ್ಲಿ ಎರಡೂ ಚೆನ್ನಾಗಿವೆ, ಆರರದ್ದು ಇನ್ನೂ ಹದ. 4ಕೆ 60 ಬೇಕಾದರೆ ಆರರಲ್ಲಿ ಡಿಎಕ್ಸ್ ಕ್ರಾಪ್ ಕಡ್ಡಾಯ, ಏಳರಲ್ಲಿ ಸ್ವಲ್ಪವೇ ಅಂಚು ಕತ್ತರಿಸುತ್ತದೆ. ಅಷ್ಟು ಸಾಕು.

ನಿಕಾನ್‌ನ ಹಳೇ ಎಸ್‌ಎಲ್‌ಆರ್ ಕ್ಯಾಮೆರಾಗಳ ಎಫ್ ಮೌಂಟ್ ಲೆನ್ಸ್ ಇಟ್ಟುಕೊಂಡವರು, ಅವನ್ನು ಇವಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ನಂಬಿ ಕೊಳ್ಳುವ ಮುನ್ನ ಒಂದು ವಿಷಯ ನೋಡಿಕೊಳ್ಳಿ. ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್‌ಗಳಿಗೆ ಆಟೋಫೋಕಸ್ ಸಿಗುತ್ತದೆ. ಎಎಫ್-ಡಿ ಲೆನ್ಸ್‌ಗಳಿಗೆ ಸಿಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಎರಡು ಕ್ಯಾಮೆರಾಗಳಲ್ಲೂ ಇದೇ ಕಥೆ.

ಈಗ ಸೆಕೆಂಡ್ ಹ್ಯಾಂಡ್ ಆಗಿ ಇವನ್ನು ಕೊಳ್ಳಬೇಕೋ, ಹೊಸದಕ್ಕೆ ಹೋಗಬೇಕೋ ಅಂತ ಕೇಳುವವರು ಜಾಸ್ತಿ. ಎರಡು ಕ್ಯಾಮೆರಾಗಳಿಗೂ ಉತ್ತರ ಒಂದೇ ಅಲ್ಲ. 2023ರಲ್ಲಿ ಬಂದ ಝೆಡ್8ರಲ್ಲಿ ಇರುವುದೂ 45.7 ಮೆಗಾಪಿಕ್ಸೆಲ್, ಶುರುವಾಗುವುದೂ 64ರಿಂದಲೇ. ಅದರ ಆಟೋಫೋಕಸ್ ಬೇರೆಯೇ ಲೋಕ, ಆದರೆ ಬ್ಯಾಟರಿ ಸೇರಿ 910 ಗ್ರಾಂ. ಬೆಟ್ಟಕ್ಕೆ ಟ್ರೈಪಾಡ್ ಹೊತ್ತು ಹೋಗುವ ನನಗೆ ಆ ಹೆಚ್ಚಿನ ತೂಕದಿಂದ ಫೋಟೋ ಒಂದಿಷ್ಟೂ ಸುಧಾರಿಸುವುದಿಲ್ಲ. ಹಾಗಾಗಿ ಏಳು ನನ್ನ ಬಳಿಯೇ ಇರುತ್ತದೆ. ಬದಲಾಗುವುದಿದ್ದರೆ ಆರು. 2024ರ ಝೆಡ್6ರ ಮೂರನೇ ತಲೆಮಾರು ಭಾಗಶಃ ಸ್ಟ್ಯಾಕ್ಡ್ ಸೆನ್ಸರ್‌ನೊಂದಿಗೆ ಬಂದಿದೆ, ಟ್ರ್ಯಾಕಿಂಗ್ ಎಷ್ಟೋ ಚುರುಕು. ಕಡಿಮೆ ಐಎಸ್‌ಒನಲ್ಲಿ ನೆರಳು ಎತ್ತಿದಾಗ ಅದರಲ್ಲಿ ಹಳೆಯದಕ್ಕಿಂತ ಸ್ವಲ್ಪ ಜಾಸ್ತಿ ನಾಯ್ಸ್ ಕಾಣುತ್ತದೆ ನಿಜ. ಆದರೆ ವೇದಿಕೆ ಮುಂದೆ ನಿಂತು ಐಎಸ್‌ಒ 6400ರಲ್ಲಿ ಕ್ಲಿಕ್ ಮಾಡುವವನಿಗೆ ಅದರಿಂದ ಏನೂ ನಷ್ಟವಿಲ್ಲ.